ಆಧುನಿಕ ಭೌತವಿಜ್ಞಾನ ಮತ್ತು ಕ್ರೈಸ್ತ ನಂಬಿಕೆ: ಸಾಮ್ಯಚಿಂತನೆಯ ಇತಿಹಾಸ

ಇಪ್ಪತ್ತನೆಯ ಶತಮಾನದ ಭೌತವಿಜ್ಞಾನ ಕಂಡುಕೊಂಡ ಸಂಗತಿಗಳಿಗೂ ಕ್ರೈಸ್ತ ಧರ್ಮದ ಮೂಲ ನಂಬಿಕೆಗಳಿಗೂ ಇರುವ ಹೋಲಿಕೆಗಳನ್ನು ಗುರುತಿಸಿ, ಅವುಗಳ ಬೆಲೆ ಎಷ್ಟೆಂದು ಚರ್ಚಿಸುವ ಚಿಂತನಧಾರೆ. ವಿಶ್ವದ ಉಗಮ ಮತ್ತು ಸೃಷ್ಟಿ, ಬೆಳಕಿನ ದ್ವಿಸ್ವಭಾವ ಮತ್ತು ಕ್ರಿಸ್ತನ ಎರಡು ಸ್ವಭಾವಗಳು, ಕ್ವಾಂಟಮ್ ಅನಿಶ್ಚಿತತೆ ಮತ್ತು ದೈವಕ್ರಿಯೆ, ಭೌತ ಸ್ಥಿರಾಂಕಗಳ ಸೂಕ್ಷ್ಮ ಹೊಂದಾಣಿಕೆ ಮತ್ತು ದೈವಸಂಕಲ್ಪ ಇವು ಚರ್ಚೆಯ ನಾಲ್ಕು ಮುಖ್ಯ ವಿಷಯಗಳು. ಈ ಹೋಲಿಕೆಗಳಲ್ಲಿ ಎರಡು ಬಗೆಯುಂಟು. ವಿಜ್ಞಾನದ ನಿರ್ದಿಷ್ಟ ಫಲಿತಾಂಶವೊಂದನ್ನು ನಿರ್ದಿಷ್ಟ ನಂಬಿಕೆಗೆ ಜೋಡಿಸುವುದು ಒಂದು; ಎರಡೂ ಕಡೆ ಸತ್ಯವನ್ನು ಅರಸುವ ಕ್ರಮವನ್ನು ಹೋಲಿಸುವುದು ಇನ್ನೊಂದು. ಮೊದಲನೆಯದು ಬೇಗ ಜನಪ್ರಿಯವಾಯಿತು, ಸಿದ್ಧಾಂತಗಳು ಬದಲಾದಂತೆಲ್ಲ ಅಲುಗಾಡಿದ್ದೂ ಅದೇ.

ಹಿನ್ನೆಲೆ

ಕಾಲವೂ ಸೃಷ್ಟಿಯ ಭಾಗವೇ, ಆದ್ದರಿಂದ ಸೃಷ್ಟಿಗೆ ಮುಂಚೆ ಏನಿತ್ತು ಎಂದು ಕೇಳುವುದರಲ್ಲಿ ಅರ್ಥವಿಲ್ಲ ಎಂದು ಸಂತ ಅಗಸ್ಟೀನ್ ‘ಕನ್ಫೆಷನ್ಸ್’ ಗ್ರಂಥದ 11ನೆಯ ಭಾಗದಲ್ಲಿ ವಾದಿಸಿದ್ದ. ಜಗತ್ತಿಗೆ ಆರಂಭವಿತ್ತು ಎಂಬುದನ್ನು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ನಂಬಿಕೆಯ ಅಂಶವಾಗಿ ಸಾರಿತು. ಅದೇ ಶತಮಾನದ ಥಾಮಸ್ ಅಕ್ವೈನಾಸ್ ಇಲ್ಲೊಂದು ಭೇದ ತೋರಿಸಿದ. ಸೃಷ್ಟಿ ಎಂದರೆ ಜಗತ್ತು ತನ್ನ ಇರವಿಗಾಗಿ ಸದಾ ದೇವರನ್ನು ಅವಲಂಬಿಸಿರುವುದು. ಅದಕ್ಕೆ ಕಾಲದಲ್ಲಿ ಆರಂಭವಿತ್ತೆಂಬುದು ತರ್ಕದಿಂದ ಸಾಧಿಸುವ ವಿಷಯವಲ್ಲ, ದೈವಪ್ರಕಟನೆಯಿಂದ ತಿಳಿಯುವಂಥದು. ಏಳು ಶತಮಾನಗಳ ನಂತರ ಮಹಾಸ್ಫೋಟದ ಚರ್ಚೆಯಲ್ಲಿ ಈ ಭೇದ ಮತ್ತೆ ಕೆಲಸಕ್ಕೆ ಬಂತು.

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನ ಹಲವು ಭೌತವಿಜ್ಞಾನಿಗಳು ನಿಷ್ಠಾವಂತ ಕ್ರೈಸ್ತರಾಗಿದ್ದರು. ಮೈಕಲ್ ಫ್ಯಾರಡೆ ಸ್ಯಾಂಡಮೇನಿಯನ್ ಎಂಬ ಸಣ್ಣ ಪಂಥಕ್ಕೆ ಸೇರಿದವ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್‌ನ ನೇತೃತ್ವದಲ್ಲಿ 1874ರಲ್ಲಿ ಆರಂಭವಾದ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದ ಹೆಬ್ಬಾಗಿಲಿನಲ್ಲಿ ಬೈಬಲ್ಲಿನ 111ನೆಯ ಕೀರ್ತನೆಯ ಒಂದು ವಾಕ್ಯವನ್ನು ಲ್ಯಾಟಿನ್ ಭಾಷೆಯಲ್ಲಿ ಕೆತ್ತಲಾಗಿದೆ. ಎಲೆಕ್ಟ್ರಾನ್ (1897) ಮತ್ತು ನ್ಯೂಟ್ರಾನ್ (1932) ಪತ್ತೆಯಾದದ್ದು ಆ ಬಾಗಿಲಿನ ಒಳಗೆ. 1970ರ ದಶಕದಲ್ಲಿ ಪ್ರಯೋಗಾಲಯ ಊರಾಚೆಯ ಹೊಸ ಕಟ್ಟಡಕ್ಕೆ ಹೋದ ಮೇಲೆ ಅಲ್ಲಿಯ ಪ್ರವೇಶದ್ವಾರದಲ್ಲೂ ಅದೇ ವಾಕ್ಯವನ್ನು, ಈ ಸಲ ಇಂಗ್ಲಿಷಿನಲ್ಲಿ, ಬರೆಸಲಾಯಿತು.

ಮೊದಲ ಪ್ರತಿಕ್ರಿಯೆಗಳು

ಫ್ರಾನ್ಸಿನ ಪಿಯರ್ ಡ್ಯುಹೆಮ್ ನಿಷ್ಠಾವಂತ ಕ್ಯಾಥೊಲಿಕ್. ಆದರೂ ಭೌತವಿಜ್ಞಾನದ ಸಿದ್ಧಾಂತಗಳು ಧರ್ಮದ ಪರವಾಗಿಯೂ ವಿರುದ್ಧವಾಗಿಯೂ ಏನನ್ನೂ ಹೇಳುವುದಿಲ್ಲ ಎಂದು 1905ರಲ್ಲಿ ವಾದಿಸಿದ. ಸಾಪೇಕ್ಷತಾ ಸಿದ್ಧಾಂತದಿಂದ ಧರ್ಮದ ಮೇಲೆ ಏನು ಪರಿಣಾಮವಾದೀತು ಎಂದು 1921ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ರ್‍ಯಾಂಡಲ್ ಡೇವಿಡ್ಸನ್ ಲಂಡನ್ನಿನಲ್ಲಿ ಐನ್‌ಸ್ಟೈನ್‌ನನ್ನು ಕೇಳಿದಾಗ, ಏನೂ ಇಲ್ಲ ಎಂಬ ಉತ್ತರವೇ ಬಂತು.

1919ರ ಸೂರ್ಯಗ್ರಹಣದಲ್ಲಿ ಐನ್‌ಸ್ಟೈನ್‌ನ ಸಿದ್ಧಾಂತವನ್ನು ಪರೀಕ್ಷಿಸಿದ ಆರ್ಥರ್ ಎಡಿಂಗ್ಟನ್ ಕ್ವೇಕರ್ ಪಂಥದವ. ಹೊಸ ಭೌತವಿಜ್ಞಾನ ಧರ್ಮವನ್ನು ಸಾಧಿಸಿ ತೋರಿಸುವುದಿಲ್ಲ, ಆದರೆ ಎಲ್ಲವೂ ಮೊದಲೇ ನಿರ್ಧಾರವಾಗಿದೆ ಎನ್ನುವ ಹಳೆಯ ಯಾಂತ್ರಿಕ ದೃಷ್ಟಿಯನ್ನು ಸಡಿಲಗೊಳಿಸಿ ಅಧ್ಯಾತ್ಮದ ಅನುಭವಕ್ಕೆ ಎಡೆ ಮಾಡಿಕೊಡುತ್ತದೆ ಎಂಬುದು ಅವನ ನಿಲುವು. ‘ದ ನೇಚರ್ ಆಫ್ ದ ಫಿಸಿಕಲ್ ವರ್ಲ್ಡ್’ (1928) ಮತ್ತು ‘ಸೈನ್ಸ್ ಅಂಡ್ ದ ಅನ್‌ಸೀನ್ ವರ್ಲ್ಡ್’ (1929) ಇದನ್ನು ಪ್ರತಿಪಾದಿಸಿದ ಕೃತಿಗಳು. ಎಡಿಂಗ್ಟನ್ ಮತ್ತು ಭೌತವಿಜ್ಞಾನಿ ಜೇಮ್ಸ್ ಜೀನ್ಸ್ ಸಡಿಲ ಭಾಷೆಯಿಂದ ಓದುಗರನ್ನು ದಾರಿ ತಪ್ಪಿಸುತ್ತಿದ್ದಾರೆ ಎಂದು ತತ್ತ್ವಶಾಸ್ತ್ರಜ್ಞೆ ಸೂಸನ್ ಸ್ಟೆಬಿಂಗ್ 1937ರಲ್ಲಿ ಕಟುವಾಗಿ ವಿಮರ್ಶಿಸಿದಳು.

ಲೆಮೇತ್ರ್ ಮತ್ತು ವಿಶ್ವದ ಆರಂಭ

ಈ ಇತಿಹಾಸದ ಕೇಂದ್ರವ್ಯಕ್ತಿ ಬೆಲ್ಜಿಯಮ್ಮಿನ ಪಾದ್ರಿ ಜಾರ್ಜ್ ಲೆಮೇತ್ರ್ (1894–1966). ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿ ದುಡಿದು, 1923ರಲ್ಲಿ ಗುರುದೀಕ್ಷೆ ಪಡೆದು, ಆ ಬಳಿಕ ಕೇಂಬ್ರಿಜ್‌ನಲ್ಲಿ ಎಡಿಂಗ್ಟನ್‌ನ ಬಳಿ ಅಧ್ಯಯನ ಮಾಡಿದ. 1927ರಲ್ಲಿ ಬ್ರಸೆಲ್ಸ್‌ನ ಪತ್ರಿಕೆಯೊಂದರಲ್ಲಿ ವಿಶ್ವ ಹಿಗ್ಗುತ್ತಿದೆ ಎಂಬ ಲೇಖನ ಪ್ರಕಟಿಸಿದ. ಅದೇ ವರ್ಷ ಭೌತವಿಜ್ಞಾನಿಗಳ ಸಾಲ್ವೆ ಸಮಾವೇಶಕ್ಕೆ ಬಂದಿದ್ದ ಐನ್‌ಸ್ಟೈನ್ ಅವನ ಲೆಕ್ಕ ಸರಿಯೆಂದು ಒಪ್ಪಿದರೂ ಅದರ ಹಿಂದಿನ ಭೌತವಿಜ್ಞಾನವನ್ನು ಕಟುಮಾತಿನಲ್ಲಿ ತಳ್ಳಿಹಾಕಿದ.

1931ರ ಮೇ 9ರ ‘ನೇಚರ್’ ಪತ್ರಿಕೆಯಲ್ಲಿ ಲೆಮೇತ್ರ್ ಇನ್ನೂ ಮುಂದೆ ಹೋಗಿ, ವಿಶ್ವವೆಲ್ಲ ಒಂದೇ ಕ್ವಾಂಟಮ್‌ನಿಂದ ಹೊರಟಿರಬಹುದು ಎಂದು ಸೂಚಿಸಿದ. ಪ್ರಕೃತಿಯ ಈಗಿನ ವ್ಯವಸ್ಥೆಗೊಂದು ಆರಂಭವಿತ್ತೆಂಬ ಕಲ್ಪನೆ ತನಗೆ ಹಿಡಿಸದು ಎಂದು ಎಡಿಂಗ್ಟನ್ ಅದೇ ವರ್ಷ ಬರೆದದ್ದಕ್ಕೆ ಇದು ಉತ್ತರ. ಈ ಪುಟ್ಟ ಬರಹದ ಬೆರಳಚ್ಚು ಪ್ರತಿ ಉಳಿದುಬಂದಿದೆ. ಅದರ ಕೊನೆಯಲ್ಲೊಂದು ಪ್ಯಾರಾ ಇದ್ದು, ದೇವರು ಮರೆಯಾಗಿಯೇ ಇರುವವನು, ಆ ಸೃಷ್ಟಿಗೆ ಇಂದಿನ ಭೌತವಿಜ್ಞಾನ ಒಂದು ಪರದೆ ಒದಗಿಸಿರುವುದು ಆಸ್ತಿಕರಿಗೆ ಸಂತೋಷವೇ ಆದೀತು ಎಂಬ ಅರ್ಥದ ಮಾತು ಅಲ್ಲಿತ್ತು. ಅಚ್ಚಿಗೆ ಹೋಗುವ ಮುನ್ನ ಲೆಮೇತ್ರ್ ಆ ಪ್ಯಾರಾವನ್ನು ಹೊಡೆದುಹಾಕಿದ. ಹೋಲಿಕೆಯಿಂದ ಎಲ್ಲರಿಗಿಂತ ಹೆಚ್ಚು ಲಾಭವಿದ್ದ ವ್ಯಕ್ತಿಯೇ ಅದನ್ನು ವಿಜ್ಞಾನದ ಬರಹದಿಂದ ಹೊರಗಿಟ್ಟ.

ಆದರೂ ಅನುಮಾನ ತಪ್ಪಲಿಲ್ಲ. ಪಾದ್ರಿಯೊಬ್ಬ ಆದಿಕಾಂಡವನ್ನು ಸಮೀಕರಣಗಳಲ್ಲಿ ನುಸುಳಿಸುತ್ತಿದ್ದಾನೆ ಎಂಬ ಮಾತು ಕೇಳಿಬರುತ್ತಿತ್ತು. ಆರಂಭವೇ ಇಲ್ಲದ ಸ್ಥಿರಸ್ಥಿತಿ ವಿಶ್ವದ ಮಾದರಿಯನ್ನು 1948ರಲ್ಲಿ ಮಂಡಿಸಿದವರಲ್ಲಿ ಒಬ್ಬನಾದ ಫ್ರೆಡ್ ಹಾಯ್ಲ್, ಮರುವರ್ಷ ಬಿಬಿಸಿ ರೇಡಿಯೋದಲ್ಲಿ ಎದುರಾಳಿ ಸಿದ್ಧಾಂತವನ್ನು ‘ಬಿಗ್ ಬ್ಯಾಂಗ್’ (ಮಹಾಸ್ಫೋಟ) ಎಂದು ಕರೆದ. ಆ ಹೆಸರೇ ನಿಂತಿತು.

1951ರ ಭಾಷಣ

1951ರ ನವೆಂಬರ್ 22ರಂದು ಹನ್ನೆರಡನೆಯ ಪಯಸ್ ಪೋಪ್ ತನ್ನ ವಿಜ್ಞಾನ ಅಕಾಡೆಮಿಯ ಮುಂದೆ ಮಾತನಾಡುತ್ತ, ಆದಿಯಲ್ಲಿ ಬೆಳಕನ್ನು ಕರೆದ ದೈವವಾಕ್ಯಕ್ಕೆ ಆಧುನಿಕ ವಿಜ್ಞಾನ ಸಾಕ್ಷಿಯಾದಂತಿದೆ ಎಂದು ಹೇಳಿದ. ಭಾಷಣ ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಮಹಾಸ್ಫೋಟದ ಇನ್ನೊಬ್ಬ ಪ್ರತಿಪಾದಕ ಜಾರ್ಜ್ ಗ್ಯಾಮೊ 1952ರಲ್ಲಿ ‘ಫಿಸಿಕಲ್ ರಿವ್ಯೂ’ ಪತ್ರಿಕೆಯ ಲೇಖನವೊಂದರಲ್ಲಿ ತಮಾಷೆಗೆಂದೇ ಪೋಪನ ಮಾತನ್ನು ಆಧಾರವಾಗಿ ಉಲ್ಲೇಖಿಸಿದ.

ಅಕಾಡೆಮಿಯ ಸದಸ್ಯನಾಗಿದ್ದ ಲೆಮೇತ್ರ್‌ಗೆ ಇದರಿಂದ ಕಸಿವಿಸಿಯಾಯಿತು. ಸಿದ್ಧಾಂತ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು, ನಾಳೆ ಅದು ಬಿದ್ದುಹೋದರೆ ನಂಬಿಕೆಯೂ ಅದರೊಡನೆ ಬಿತ್ತೆಂದು ಜನ ತಿಳಿಯುವ ಅಪಾಯವಿತ್ತು. ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕ ಡೇನಿಯಲ್ ಓಕಾನೆಲ್‌ನೊಂದಿಗೆ ಅವನು ಈ ವಿಷಯ ಚರ್ಚಿಸಿದ. 1952ರ ಸೆಪ್ಟೆಂಬರ್‌ನಲ್ಲಿ ರೋಮ್‌ನಲ್ಲಿ ಸೇರಿದ್ದ ಖಗೋಳವಿಜ್ಞಾನಿಗಳ ಮುಂದೆ ಮಾತನಾಡಿದಾಗ ಪೋಪ್ ಆ ಹೋಲಿಕೆಯನ್ನು ಮತ್ತೆ ಎತ್ತಲಿಲ್ಲ. ತನ್ನ ಸಿದ್ಧಾಂತ ಧರ್ಮ ಮತ್ತು ತತ್ತ್ವಮೀಮಾಂಸೆಯ ಪ್ರಶ್ನೆಗಳಿಂದ ಪೂರ್ತಿ ಹೊರಗಿದೆ ಎಂದು 1958ರ ಸಾಲ್ವೆ ಸಮಾವೇಶದಲ್ಲಿ ಲೆಮೇತ್ರ್ ಸ್ಪಷ್ಟಪಡಿಸಿದ. ಮಹಾಸ್ಫೋಟಕ್ಕೆ ಪುರಾವೆಯಾದ ವಿಶ್ವದ ಹಿನ್ನೆಲೆ ವಿಕಿರಣ ಪತ್ತೆಯಾದ ಸುದ್ದಿ 1966ರಲ್ಲಿ ಸಾಯುವ ಸ್ವಲ್ಪ ಮುಂಚೆ ಅವನಿಗೆ ತಲುಪಿತು.

ದ್ವಿಸ್ವಭಾವ

ಬೆಳಕು ಒಂದು ಪ್ರಯೋಗದಲ್ಲಿ ಅಲೆಯಾಗಿಯೂ ಇನ್ನೊಂದರಲ್ಲಿ ಕಣವಾಗಿಯೂ ಕಾಣುತ್ತದೆ. ಎರಡೂ ವಿವರಣೆಗಳು ಬೇಕು ಎಂಬ ಪೂರಕತಾ ತತ್ತ್ವವನ್ನು ನೀಲ್ಸ್ ಬೋರ್ 1927ರಲ್ಲಿ ಇಟಲಿಯ ಕೋಮೋದಲ್ಲಿ ಮಂಡಿಸಿದ. ಕ್ರಿಸ್ತ ಒಬ್ಬನೇ ವ್ಯಕ್ತಿ, ಆದರೆ ಪೂರ್ಣ ದೇವರು ಮತ್ತು ಪೂರ್ಣ ಮನುಷ್ಯ ಎಂದು ಕ್ರಿ.ಶ. 451ರ ಕ್ಯಾಲ್ಸಿಡನ್ ಮಹಾಸಭೆ ಸಾರಿದ್ದನ್ನು ದೈವಶಾಸ್ತ್ರಜ್ಞರು ಇದಕ್ಕೆ ಹೋಲಿಸಿದರು. ಮಹಾಸಭೆ ಅದು ಹೇಗೆ ಸಾಧ್ಯ ಎಂದು ವಿವರಿಸಲಿಲ್ಲ. ಸ್ವಭಾವಗಳು ಬೆರೆಯುವುದಿಲ್ಲ, ಮಾರ್ಪಡುವುದಿಲ್ಲ, ವಿಭಾಗವಾಗುವುದಿಲ್ಲ, ಅಗಲುವುದಿಲ್ಲ ಎಂಬ ನಾಲ್ಕು ನಿಷೇಧಗಳಿಂದ ಗಡಿಯನ್ನಷ್ಟೇ ಗುರುತಿಸಿತು.

ಹೋಲಿಕೆಯ ಮಿತಿಗಳೂ ಇಲ್ಲೇ ಕಾಣುತ್ತವೆ. ಬೋರ್‌ನ ಎರಡು ಚಿತ್ರಗಳು ಒಂದೇ ಪ್ರಯೋಗದಲ್ಲಿ ಒಟ್ಟಿಗೆ ಪೂರ್ಣವಾಗಿ ಕಾಣವು. ಕ್ಯಾಲ್ಸಿಡನ್ನಿನ ಎರಡು ಸ್ವಭಾವಗಳು ಏಕಕಾಲಕ್ಕೆ ಪೂರ್ಣ. ಮೇಲಾಗಿ, ಬೆಳಕಿನ ದ್ವಿಸ್ವಭಾವಕ್ಕೆ ಪಾಲ್ ಡಿರಾಕ್ 1927ರಲ್ಲೇ ಗಣಿತದ ಚೌಕಟ್ಟು ಕೊಟ್ಟ. ದೈವಶಾಸ್ತ್ರದಲ್ಲಿ ಅಂಥ ಗಣಿತವಿಲ್ಲ.

ದೈವಕ್ರಿಯೆ ಮತ್ತು ಸೂಕ್ಷ್ಮ ಹೊಂದಾಣಿಕೆ

ಅಮೆರಿಕದ ಓಕ್ ರಿಜ್‌ನ ಭೌತವಿಜ್ಞಾನಿಯೂ ಎಪಿಸ್ಕೋಪಲ್ ಪಾದ್ರಿಯೂ ಆಗಿದ್ದ ವಿಲಿಯಂ ಪೊಲಾರ್ಡ್ ‘ಚಾನ್ಸ್ ಅಂಡ್ ಪ್ರಾವಿಡೆನ್ಸ್’ (1958) ಕೃತಿಯಲ್ಲಿ, ಕ್ವಾಂಟಮ್ ಘಟನೆಗಳ ಅನಿಶ್ಚಿತತೆಯಲ್ಲಿ ದೇವರು ನಿಸರ್ಗ ನಿಯಮವನ್ನು ಮುರಿಯದೆ ಜಗತ್ತನ್ನು ನಡೆಸುತ್ತಾನೆ ಎಂದ. 1981ರಲ್ಲಿ ಬರ್ಕ್ಲಿಯಲ್ಲಿ ಅಧ್ಯಯನ ಕೇಂದ್ರವೊಂದನ್ನು ಸ್ಥಾಪಿಸಿದ ರಾಬರ್ಟ್ ಜಾನ್ ರಸೆಲ್ ಈ ವಾದವನ್ನು ಬೆಳೆಸಿದ. ಆದರೆ ಅನಿಶ್ಚಿತತೆ ಪ್ರಕೃತಿಯದೋ ನಮ್ಮ ಅರಿವಿನದೋ ಎಂಬುದೇ ಇತ್ಯರ್ಥವಾಗಿಲ್ಲ. 1952ರಲ್ಲಿ ಡೇವಿಡ್ ಬೋಮ್ ರೂಪಿಸಿದ ಕ್ವಾಂಟಮ್ ಸಿದ್ಧಾಂತದಲ್ಲಿ ಎಲ್ಲವೂ ನಿಯತ. ವಿಜ್ಞಾನ ವಿವರಿಸದೆ ಬಿಟ್ಟ ಸಂದುಗಳಲ್ಲಿ ದೇವರನ್ನು ಕೂರಿಸಿದರೆ, ಸಂದು ಮುಚ್ಚಿದಾಗ ದೇವರಿಗೆ ಜಾಗವಿರುವುದಿಲ್ಲ ಎಂದು ಆಕ್ಸ್‌ಫರ್ಡ್‌ನ ಮೆಥಡಿಸ್ಟ್ ವಿಜ್ಞಾನಿ ಚಾರ್ಲ್ಸ್ ಕೋಲ್ಸನ್ 1955ರಲ್ಲೇ ಎಚ್ಚರಿಸಿದ್ದ.

ನಕ್ಷತ್ರಗಳಲ್ಲಿ ಇಂಗಾಲ ಹುಟ್ಟಬೇಕಾದರೆ ಅದರ ಬೀಜಕೇಂದ್ರದಲ್ಲಿ ಒಂದು ನಿರ್ದಿಷ್ಟ ಶಕ್ತಿಮಟ್ಟ ಇರಲೇಬೇಕೆಂದು 1953ರಲ್ಲಿ ಹಾಯ್ಲ್ ಊಹಿಸಿದ. ಪ್ರಯೋಗದಲ್ಲಿ ಅದು ಸುಮಾರು 7.65 ಮೆಗಾ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಸಿಕ್ಕಿತು; ಭೌತ ಸ್ಥಿರಾಂಕಗಳು ಬೇರೆಯಾಗಿದ್ದರೆ ಅದು ಅಲ್ಲಿರುತ್ತಿರಲಿಲ್ಲ. ನಾವು ಇರುವುದೇ ನಾವು ಕಾಣಬಲ್ಲ ವಿಶ್ವವನ್ನು ಸೀಮಿತಗೊಳಿಸುತ್ತದೆ ಎಂಬ ತತ್ತ್ವವನ್ನು ಬ್ರ್ಯಾಂಡನ್ ಕಾರ್ಟರ್ 1973ರಲ್ಲಿ ಮಂಡಿಸಿದ. ಸ್ಥಿರಾಂಕಗಳ ಈ ಹೊಂದಾಣಿಕೆಯಲ್ಲಿ ಕೆಲವರು ಸೃಷ್ಟಿಕರ್ತನ ಉದ್ದೇಶವನ್ನು ಕಂಡರೆ, ಬೇರೆ ಬೇರೆ ಸ್ಥಿರಾಂಕಗಳ ಅಸಂಖ್ಯ ವಿಶ್ವಗಳಿದ್ದರೆ ಇದರಲ್ಲಿ ಆಶ್ಚರ್ಯವೇನಿಲ್ಲ ಎನ್ನುತ್ತಾರೆ ಇನ್ನು ಕೆಲವರು.

ವಿಮರ್ಶೆ ಮತ್ತು ಈಚಿನ ನಿಲುವುಗಳು

1981ರಲ್ಲಿ ವ್ಯಾಟಿಕನ್ನಿನಲ್ಲೇ ನಡೆದ ವಿಶ್ವವಿಜ್ಞಾನ ಸಮಾವೇಶದಲ್ಲಿ ಸ್ಟೀಫನ್ ಹಾಕಿಂಗ್ ಅಂಚಿಲ್ಲದ ವಿಶ್ವದ ಕಲ್ಪನೆಯನ್ನು ಮುಂದಿಟ್ಟ. ಅದರಲ್ಲಿ ವಿಶ್ವಕ್ಕೆ ಆರಂಭಬಿಂದುವೇ ಇಲ್ಲ. ಆರಂಭವನ್ನೇ ನೆಚ್ಚಿಕೊಂಡ ವಾದಕ್ಕೆ ಇದು ಪೆಟ್ಟು; ಸೃಷ್ಟಿಯೆಂದರೆ ಅವಲಂಬನೆ ಎಂದ ಅಕ್ವೈನಾಸ್‌ನ ನಿಲುವಿಗೆ ಇದು ತಾಗುವುದಿಲ್ಲ. ಎರಡನೆಯ ಜಾನ್ ಪಾಲ್ ಪೋಪ್ 1988ರ ಪತ್ರದಲ್ಲಿ, ಮಹಾಸ್ಫೋಟದಂಥ ಸಿದ್ಧಾಂತಗಳನ್ನು ಧರ್ಮದ ಸಮರ್ಥನೆಗೆ ಅವಸರದಲ್ಲಿ ಬಳಸಬಾರದೆಂದು ದೈವಶಾಸ್ತ್ರಜ್ಞರಿಗೆ ಹೇಳಿದ. 1951ರ ಉತ್ಸಾಹ ಅಷ್ಟು ಹೊತ್ತಿಗೆ ತಣಿದಿತ್ತು.

ಇನ್ನೊಂದು ಆಕ್ಷೇಪ ತೌಲನಿಕ ಅಧ್ಯಯನದಿಂದ ಬಂದುದು. ಫ್ರಿಟ್ಯೋಫ್ ಕಾಪ್ರಾನ ‘ದ ಟಾವೊ ಆಫ್ ಫಿಸಿಕ್ಸ್’ (1975) ಅದೇ ಕ್ವಾಂಟಮ್ ಸಿದ್ಧಾಂತದಲ್ಲಿ ಹಿಂದೂ, ಬೌದ್ಧ, ಟಾವೊ ದರ್ಶನಗಳ ಪ್ರತಿಧ್ವನಿ ಕೇಳಿತು. ಒಂದೇ ಸಿದ್ಧಾಂತ ಕ್ರೈಸ್ತರ ತ್ರಿತ್ವಕ್ಕೂ ಬೌದ್ಧರ ಶೂನ್ಯಕ್ಕೂ ಹೊಂದುತ್ತದೆ ಎಂದಾದರೆ, ಹೊಂದಿಕೆಯಷ್ಟರಿಂದಲೇ ಯಾವುದೂ ಸಾಬೀತಾಗದು.

ಈ ಆಕ್ಷೇಪಗಳನ್ನು ಮನಗಂಡ ಚಿಂತಕರು ಎರಡನೆಯ ಬಗೆಯ ಹೋಲಿಕೆಗೆ ತಿರುಗಿದರು. ಇಯಾನ್ ಬಾರ್ಬರ್ ‘ಇಶ್ಯೂಸ್ ಇನ್ ಸೈನ್ಸ್ ಅಂಡ್ ರಿಲಿಜನ್’ (1966) ಕೃತಿಯಲ್ಲಿ ಎರಡೂ ಕ್ಷೇತ್ರಗಳು ಮಾದರಿ ಮತ್ತು ರೂಪಕಗಳನ್ನು ಬಳಸುವ ಬಗೆಯನ್ನು ಹೋಲಿಸಿದ. ಕೇಂಬ್ರಿಜ್‌ನ ಕಣಭೌತವಿಜ್ಞಾನಿ ಜಾನ್ ಪೋಕಿಂಗ್‌ಹಾರ್ನ್ (1930–2021) 1979ರಲ್ಲಿ ಪ್ರಾಧ್ಯಾಪಕ ಹುದ್ದೆ ಬಿಟ್ಟು, ಮುಂದೆ ಆಂಗ್ಲಿಕನ್ ಪಾದ್ರಿಯಾದ. ‘ಕ್ವಾಂಟಮ್ ಫಿಸಿಕ್ಸ್ ಅಂಡ್ ಥಿಯಾಲಜಿ’ (2007) ಕೃತಿಯಲ್ಲಿ ಅವನು ಹೋಲಿಸಿದ್ದು ಫಲಿತಾಂಶಗಳನ್ನಲ್ಲ, ನಡೆದ ದಾರಿಯನ್ನು. ಅನುಭವಕ್ಕೆ ಬಂದದ್ದು ಸಾಮಾನ್ಯ ಬುದ್ಧಿಗೆ ಒಗ್ಗದಿದ್ದಾಗ ಭೌತವಿಜ್ಞಾನಿಗಳು ಅನುಭವವನ್ನು ಕೈಬಿಡದೆ ಬುದ್ಧಿಯ ಚೌಕಟ್ಟನ್ನೇ ಬದಲಿಸಿದರು. ಆದಿ ಕ್ರೈಸ್ತರು ಕ್ರಿಸ್ತನ ವಿಷಯದಲ್ಲಿ ಮಾಡಿದ್ದೂ ಇದನ್ನೇ ಎಂಬುದು ಅವನ ವಾದ. ಪ್ರಯೋಗವನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು, ಮೊದಲ ಶತಮಾನದ ಸಾಕ್ಷ್ಯವನ್ನು ಹಾಗೆ ಪರೀಕ್ಷಿಸಲಾಗದು ಎಂಬುದು ಇದಕ್ಕೆ ಸಂದೇಹವಾದಿಗಳ ಉತ್ತರ. ಚರ್ಚೆ ಈಗ ನಿಂತಿರುವುದು ಈ ಪ್ರಶ್ನೆಯ ಮೇಲೆ: ಎಂಥ ಅನುಭವವನ್ನು ಸಾಕ್ಷ್ಯವೆಂದು ಎಣಿಸಬೇಕು?