ಹೂವಿನಕೋಲು: ಐಗಳ ಶಾಲೆಯ ನವರಾತ್ರಿ

ಸರ್ಕಾರಿ ಶಾಲೆಗಳು ಹಳ್ಳಿಗಳನ್ನು ತಲುಪುವ ಮೊದಲು ಕರಾವಳಿಯ ಕನ್ನಡ ನಾಡಿನಲ್ಲಿ ಅಕ್ಷರಾಭ್ಯಾಸದ ಹೊಣೆ ಹೊತ್ತಿದ್ದವರು ಐಗಳು, ಅಂದರೆ ಊರವರು ಕೊಡುವ ಅಕ್ಕಿ, ಕಾಯಿ, ಚಿಲ್ಲರೆ ಹಣವನ್ನು ನಂಬಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಉಪಾಧ್ಯಾಯರು. ನವರಾತ್ರಿ ಬಂದಾಗ ಅವರು ಶಿಷ್ಯರ ಕೈಗೆ ಹೂ ಸುತ್ತಿದ ಕೋಲುಗಳನ್ನು ಕೊಟ್ಟು, ಮನೆಮನೆಯ ಚಾವಡಿಯಲ್ಲಿ ಶುಭ ಹಾರೈಸುವ ಪದ್ಯಗಳನ್ನು ಹೇಳಿಸಿ, ಮನೆಯವರಿತ್ತ ಕಾಣಿಕೆಯನ್ನು ಸ್ವೀಕರಿಸುತ್ತಿದ್ದರು. ಈ ಆಚರಣೆಯೇ ಹೂವಿನಕೋಲು. ಹಳೆಯ ಮೈಸೂರಿನ ಕೂಲಿಮಠಗಳ, ಎಂದರೆ ಇಂಥವೇ ಊರ ಶಾಲೆಗಳ, ಮಕ್ಕಳು ಮಹಾನವಮಿಯಲ್ಲಿ ಹಾಡುತ್ತಿದ್ದ ಚೌಪದವೆಂಬ ಪದ್ಯಗಳು ಇದರ ಒಡಹುಟ್ಟುಗಳು. ಇದನ್ನು ಕೇವಲ ಸಂಭಾವನೆ ಎತ್ತುವ ಉಪಾಯವೆಂದು ಬಗೆಯುವುದು ಅನ್ಯಾಯವಾದೀತು. ಕಲಿತ ಪದ್ಯವನ್ನು ಊರಿನ ಹಿರಿಯರೆದುರು ತಪ್ಪಿಲ್ಲದೆ ಒಪ್ಪಿಸುವ ಈ ಸಂದರ್ಭ ಮಕ್ಕಳಿಗೆ ಪರೀಕ್ಷೆಯೂ ಹಬ್ಬವೂ ಆಗಿತ್ತು.

ಯಕ್ಷಗಾನದ ನೆಲವಾದ ಉಡುಪಿ, ಕುಂದಾಪುರಗಳ ಕಡೆ ಇದಕ್ಕೆ ಭಾಗವತರ ಹಾಡು, ಮದ್ದಳೆಗಳು ಸೇರಿ, ವೇಷವಾಗಲಿ ಕುಣಿತವಾಗಲಿ ಇಲ್ಲದೆ ಬಾಲಕರು ಎದುರುಬದುರು ಕುಳಿತು ಪ್ರಸಂಗದ, ಎಂದರೆ ಆಟಕ್ಕೆಂದು ರಚಿತವಾದ ಹಾಡುಗಬ್ಬದ, ಒಂದು ತುಣುಕಿಗೆ ಪಾತ್ರಗಳ ಮಾತಿನಲ್ಲಿ ಅರ್ಥ ಹೇಳುವ ಚೆಲುವಾದ ರೂಪ ಬೆಳೆಯಿತು. ಐಗಳ ಶಾಲೆಗಳು ಮರೆಯಾದಂತೆ ಪದ್ಧತಿಯೂ ಕ್ಷೀಣಿಸಿತಾದರೂ, 1970ರ ದಶಕದಲ್ಲಿ ಹುಟ್ಟಿದ ಸಾಲಿಗ್ರಾಮ ಮಕ್ಕಳ ಮೇಳದಂತಹ ತಂಡಗಳು ಅದನ್ನು ಮತ್ತೆ ಮನೆಗಳಿಗೆ ತಂದವು.