ಅಂಗಳದ ಬಿಲ ಮತ್ತು 1826ರ ಇಲಿಗಳು

ನಮ್ಮ ಶಾಲೆಯ ಹಿಂದಿನ ಅಂಗಳದಲ್ಲಿ ನುಗ್ಗೆಮರದ ಬುಡಕ್ಕೆ ಮೂರು ಬಿಲಗಳು ಕಾಣಿಸಿಕೊಂಡವು. ಬಾಯಿಯ ಮುಂದೆ ಹೊಸ ಮಣ್ಣಿನ ಗುಡ್ಡೆ. ಅಡುಗೆಯಮ್ಮ ನೋಡಿ "ಹೆಗ್ಗಣ" ಎಂದರು. ಒಬ್ಬ ಹುಡುಗ "ಪಂದಿಕೊಕ್ಕು ಸಾರ್" ಎಂದ. ಇಬ್ಬರೂ ಹೇಳಿದ್ದು ಒಂದೇ ಪ್ರಾಣಿಯ ಹೆಸರು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ಅದಕ್ಕೂ ಮೊದಲಿನಿಂದಲೇ ನಮ್ಮಲ್ಲಿ ಒಂದೊಂದಕ್ಕೂ ಎರಡೆರಡು ಹೆಸರು. ತೆಲುಗಿನಲ್ಲಿ ಪಂದಿ ಎಂದರೆ ಹಂದಿ, ಕೊಕ್ಕು ಎಂದರೆ ಇಲಿ. ಈ ಪಂದಿಕೊಕ್ಕೇ ಇಂಗ್ಲಿಷರ ಬಾಯಲ್ಲಿ ಬ್ಯಾಂಡಿಕೂಟ್ ಆಯಿತು.

ಅಷ್ಟರಲ್ಲಿ ವಡ್ಡರ ಮನೆಯ ಒಬ್ಬ ಹುಡುಗ ಬಗ್ಗಿ ನೋಡಿ, "ಇದು ದೊಡ್ಡ ಹೆಗ್ಗಣ ಅಲ್ಲ ಸಾರ್, ಹೊಲದ್ದು. ನಮ್ಮ ತಾತ ಮಣ್ಣು ನೋಡಿದರೇ ಹೇಳ್ತಾನೆ" ಎಂದ. ಹಿಂದಿನಿಂದ ಯಾರೋ "ಇಲಿ ತಿನ್ನೋರಿಗೆ ಗೊತ್ತಿರುತ್ತೆ ಬಿಡು" ಎಂದರು. ಎಲ್ಲರೂ ನಕ್ಕರು. ಹುಡುಗ ತಲೆ ತಗ್ಗಿಸಿದ. ಅಂದು ನಾವು ಗಣಿತದ ಪುಸ್ತಕ ಮುಚ್ಚಿಟ್ಟು ಈ ಚರಿತ್ರೆ ಹೇಳಿದೆವು.

ವಾಲ್ಟರ್ ಎಲಿಯಟ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಶಾಸನ ಓದುವವರಿಗೆಲ್ಲ ಗೊತ್ತು. ಕನ್ನಡ ನಾಡಿನ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿದವರು ಅವರು. 1824ರಲ್ಲಿ ಕಿತ್ತೂರು ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕು ಬಿಡುಗಡೆಯಾದವರೂ ಅವರೇ. ಧಾರವಾಡ ಸೀಮೆಯಲ್ಲಿದ್ದಾಗ ಅವರು ಅಲ್ಲಿನ ಪ್ರಾಣಿಗಳನ್ನೂ ಗಮನಿಸಿ ಬರೆದಿಟ್ಟರು. ಆ ಬರಹ 1839ರಲ್ಲಿ ಮದ್ರಾಸಿನ ಪತ್ರಿಕೆಯಲ್ಲಿ ಅಚ್ಚಾಯಿತು. ಧಾರವಾಡದ್ದೂ ನಮ್ಮಂಥದೇ ಎರೆ ಭೂಮಿ, ನಮ್ಮಂಥದೇ ಜೋಳ. ಹಾಗಾಗಿ ಅದು ನಮ್ಮ ಹೊಲದ ಕಥೆಯೂ ಹೌದು.

ಅವರು ಬರೆದ ಪ್ರಕಾರ 1826ರಲ್ಲಿ ಮುಂಗಾರಿನ ಮೊದಲ ಮಳೆಗಳು ಸರಿಯಾಗಿ ಬೀಳಲಿಲ್ಲ. ಹೊಲದಲ್ಲಿ ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿದವು. ಬಿತ್ತಿದ ಕಾಳನ್ನು ಬಿತ್ತಿದ ಹಾಗೇ ತಿಂದವು. ಉಳಿದ ಪೈರು ತೆನೆಗೆ ಬಂದಾಗ ಜೋಳದ ದಂಟು ಹತ್ತಿ ತೆನೆ ಕತ್ತರಿಸಿ ಕೆಡವಿದವು. ರೈತರಿಗೆ ಕಂದಾಯ ಕಟ್ಟಲಾಗದಷ್ಟು ಹಾನಿಯಾಯಿತು. ಆಗ ರೈತರು ಕರೆದದ್ದು ವಡ್ಡರನ್ನು. ಇಂತಿಷ್ಟು ಡಜನ್ ಇಲಿಗೆ ಒಂದು ಅಳತೆ ಕಾಳು ಎಂಬುದು ಕೂಲಿ. ಅವರು ಸಾವಿರಗಟ್ಟಲೆ ಕೊಂದರು. ಆದರೂ ಇಲಿ ಕಡಿಮೆಯಾದಂತೆ ಕಾಣಲಿಲ್ಲ!

ಯಾಕೆ? ಉತ್ತರವೂ ಅದೇ ಬರಹದಲ್ಲಿದೆ. ಬೇಸಿಗೆಯಲ್ಲಿ ಎರೆ ನೆಲ ಬಿರುಕು ಬಿಡುತ್ತದೆಯಲ್ಲ, ಈ ಇಲಿ ಆ ಬಿರುಕಿನಲ್ಲೇ ಸಂಸಾರ ಹೂಡುತ್ತದೆ. ಒಂದೊಂದು ಸೂಲಿಗೆ ಆರರಿಂದ ಎಂಟು ಮರಿ. ಮಳೆಗಾಲ ಶುರುವಾಗಿ ಬಿರುಕು ಮುಚ್ಚಿಕೊಂಡಾಗ ಪ್ರತಿ ವರ್ಷ ಬಹಳಷ್ಟು ಇಲಿ ಅಲ್ಲೇ ಸಾಯುತ್ತವೆ. ಆ ವರ್ಷ ಮಳೆ ಕೈಕೊಟ್ಟಿತು, ಬಿರುಕು ಹಾಗೇ ಉಳಿಯಿತು. ಇರಲು ಮನೆ, ತಿನ್ನಲು ಕಾಳು ಇರುವತನಕ ಬಡಿಗೆಯಿಂದ ಕೊಂದು ಮುಗಿಸಲಾಗದು.

ಈ ಇಲಿಯನ್ನು ವಡ್ಡರು 'ಮೆತ್ತಡೆ' ಎನ್ನುತ್ತಾರೆಂದು ಎಲಿಯಟ್ ದಾಖಲಿಸಿದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟಾಗ ಆ ಮಾತನ್ನೇ ತೆಗೆದುಕೊಂಡರು. ಟಕಾರದ ಜಾಗದಲ್ಲಿ ಲಕಾರ ನುಸುಳಿ ಅದು 'ಮೆಲ್ಟಾಡಾ' ಆಯಿತು. ಇಂದಿಗೂ ಜಗತ್ತಿನ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಅದರ ಹೆಸರು ಮಿಲಾರ್ಡಿಯಾ ಮೆಲ್ಟಾಡಾ. ಕೆರೆ ತೋಡುತ್ತಿದ್ದ ಜನರ ಮಾತು ಅದು. ಬಿಲ ತೋಡುವ 'ಕೊಕ್' ಎಂಬ ಇನ್ನೊಂದು ಇಲಿಯ ವಿಷಯವೂ ಅಲ್ಲಿದೆ. ಸುಗ್ಗಿಯಲ್ಲಿ ಅದರ ಒಂದೇ ಬಿಲದಿಂದ ವಡ್ಡರು ಅರ್ಧ ಸೇರಿನಷ್ಟು ಕಾಳು, ಇಡೀ ಜೋಳದ ತೆನೆ ಕೂಡ, ಹೊರತೆಗೆಯುತ್ತಿದ್ದರಂತೆ. ಒಳ್ಳೆಯ ಜಾಗದಲ್ಲಿ ಆ ಕಾಲಕ್ಕೆ ಅದೇ ಅವರ ಊಟ. ರೈತ ಕಳೆದುಕೊಂಡದ್ದನ್ನು ನೆಲದಿಂದ ಮರಳಿ ತಂದು ತಿಂದವರನ್ನು ನಗುವುದು ಯಾವ ನ್ಯಾಯ?

ಇಷ್ಟು ಹೇಳುವಾಗ ತರಗತಿ ಸುಮ್ಮನಿತ್ತು. ಆಮೇಲೆ ಆ ಹುಡುಗನನ್ನೇ ಮುಂದೆ ಕರೆದು ಎಲ್ಲರೂ ಅಂಗಳಕ್ಕೆ ಹೋದೆವು. ನಾವು ಮಾಡಿದ್ದನ್ನು ಬೇರೆ ಶಾಲೆಯವರೂ ಮಾಡಬಹುದು.

ಮೊದಲು ಗುರುತು. ಹೊಸ ಮಣ್ಣಿನ ಗುಡ್ಡೆ ಹಾಕಿ, ಎಷ್ಟೋ ಸಲ ಬಿಲದ ಬಾಯಿಯನ್ನೂ ಮಣ್ಣಿನಿಂದ ಮುಚ್ಚಿಕೊಳ್ಳುವುದು ಹೊಲದ ಕೊಕ್. ದನದ ಕೊಟ್ಟಿಗೆ, ಕಣಜ, ಮನೆಯ ಪಾಯ ಕೊರೆಯುವುದು ದೊಡ್ಡ ಹೆಗ್ಗಣ. ಗೋಡೆಯಂಚಿನಲ್ಲಿ ಚಿಕ್‌ಚಿಕ್ ಎನ್ನುತ್ತ ಓಡುವ, ನಾತ ಹೊಡೆಯುವ ಮೂಗಿಲಿ ಇಲಿಯೇ ಅಲ್ಲ. ಅದು ಹುಳು ತಿನ್ನುವ ಉಪಕಾರಿ, ಅದನ್ನು ಬಿಟ್ಟುಬಿಡಿ. ಯಾವ ಬಿಲಕ್ಕೂ ಕೈ ಹಾಕಬೇಡಿ, ಹಳೆಯ ಬಿಲದಲ್ಲಿ ಹಾವು ಸೇರಿರುತ್ತದೆ.

ಸಂಜೆ ಎಲ್ಲ ಬಿಲಗಳ ಬಾಯಿಗೂ ಹಸಿ ಮಣ್ಣು ಮೆತ್ತಿ, ಬೆಳಿಗ್ಗೆ ನೋಡಿ. ತೆರೆದದ್ದರಲ್ಲಿ ಮಾತ್ರ ಇಲಿ ಇದೆ. ಅಲ್ಲಿ ಬೋನು ಇಡಿ. ಮಕ್ಕಳಿರುವ ಅಂಗಳದಲ್ಲಿ ವಿಷ ಬೇಡವೇ ಬೇಡ, ಗುಳಿಗೆಯ ವಿಷಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬಿಸಿಯೂಟದ ಅಕ್ಕಿಗೆ ಮುಚ್ಚಳದ ತಗಡಿನ ಡಬ್ಬ ಇರಲಿ, ಎಂಜಲು ಅಂದೇ ದೂರ ಹೋಗಲಿ, ಕಲ್ಲಿನ ರಾಶಿ ತೆಗೆಯಿರಿ. ಗೂಬೆ, ಕೇರೆಹಾವುಗಳನ್ನು ಕೊಲ್ಲಬೇಡಿ.

ಮರುದಿನ ಬೆಳಿಗ್ಗೆ ನಮ್ಮ ಮೂರು ಬಿಲಗಳಲ್ಲಿ ಎರಡು ತೆರೆದಿದ್ದವು. ಪ್ರಾರ್ಥನೆಗೂ ಮುಂಚೆ ಓಡಿಬಂದು ಹೇಳಿದವನು ಆ ಹುಡುಗನೇ. ಅವನ ಹಿಂದೆ ಹಿಂದಿನ ದಿನ ನಕ್ಕವರೂ ಇದ್ದರು. "ನಿಮ್ಮ ತಾತನ್ನ ಒಂದಿನ ಶಾಲೆಗೆ ಕರ್ಕೊಂಡು ಬಾರಪ್ಪ, ಕಲಿಯೋದಿದೆ" ಎಂದೆವು.