ಇಎಸ್‌ಪಿ-01 ಹಟ ಹಿಡಿದ ಕಾಲ

2014ರಲ್ಲಿ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್ ಹೊತ್ತ ಇಎಸ್‌ಪಿ-01 ಎಂಬ ವೈಫೈ ಮಾಡ್ಯೂಲ್ ಬಂದಾಗ ಅದರ ಹೆಚ್ಚಿನ ದಾಖಲೆಗಳು ಚೀನೀ ಭಾಷೆಯಲ್ಲೇ ಇದ್ದವು. ಅಷ್ಟು ಅಗ್ಗಕ್ಕೆ ವೈಫೈ! ನಮ್ಮಂಥ ಹವ್ಯಾಸಿಗಳಿಗೆ ಹಬ್ಬವೇ. ಆದರೆ ಒಮ್ಮೆ ಶುರುವಾದದ್ದು ಇನ್ನೊಮ್ಮೆ ಶುರುವಾಗದು. ಬೈಗುಳವೆಲ್ಲ ಪ್ರೋಗ್ರಾಮಿಗೆ, ದೋಷ ಹೆಚ್ಚಾಗಿ ಕರೆಂಟಿನದು. ರೇಡಿಯೊ ಚಾಲೂ ಆದ ಕ್ಷಣ ಅದು 300 ಮಿಲಿಆಂಪಿಯರ್‌ಗೂ ಮಿಕ್ಕಿ ಎಳೆಯುತ್ತದೆ. ಯುಎಸ್‌ಬಿ ಜೋಡಣೆಗೆ ಬಳಸುತ್ತಿದ್ದ ಎಫ್‌ಟಿ232 ಚಿಪ್ಪಿನ 3.3 ವೋಲ್ಟ್ ಪಿನ್ನು ಕೊಡುವುದು 50 ಮಾತ್ರ. ವೋಲ್ಟೇಜ್ ಕುಸಿದು ಎಲ್ಲವೂ ಮತ್ತೆ ಮೊದಲಿನಿಂದ.

ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ 470 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಪವರ್ ಪಿನ್ನಿಗೆ ಒತ್ತಾಗಿ ಬೆಸೆಯುವುದು, ಚಿಪ್ಪನ್ನು ಚಾಲೂ ಇಡುವ ಸಿಎಚ್-ಪಿಡಿ ಪಿನ್ನನ್ನು 10 ಕಿಲೋಓಮ್ ರೆಸಿಸ್ಟರಿನಿಂದ 3.3 ವೋಲ್ಟಿಗೆ ಕಟ್ಟುವುದು ನಮ್ಮಲ್ಲಿ ರೂಢಿಯಾಯಿತು. 74880 ಬಾಡ್ ವೇಗದಲ್ಲಿ ಸೀರಿಯಲ್ ತೆರೆದರೆ ಚಿಪ್ ತಾನೇ ರೀಸೆಟ್ಟಿನ ಕಾರಣದ ಸಂಖ್ಯೆ ಬರೆಯುತ್ತದೆ. ಈಗಲೂ ನಾನು ಮೊದಲು ಓದುವುದು ಅದನ್ನೇ.